ಭಾವನ ವಿಮಾನದ ಇಂಜಿನ್ನಿಗೆ ಬೆಲೆ ಕಟ್ಟಿದ್ದು

ಕೆಲವರಿಗೆ ಎಲ್ಲಿ ಹೋದರೂ ಸೊಳ್ಳೆ ಕಚ್ಚುತ್ತದೆ. ನನ್ನನ್ನು ಎಲ್ಲಿ ಹೋದರೂ ಯಾರಾದರೊಬ್ಬರು ಶೆಡ್ಡಿಗೆ ಕರೆದುಕೊಂಡು ಹೋಗಿ, ಟಾರ್ಪಾಲು ಎತ್ತಿ, ಇದಕ್ಕೆ ಎಷ್ಟು ಬರಬಹುದು ಎಂದು ಕೇಳುತ್ತಾರೆ. ಟಾರ್ಪಾಲಿನ ಕೆಳಗೆ ವಿಮಾನದ ಇಂಜಿನ್ ಇರುತ್ತದೆ. ದೊಡ್ಡ ವಿಮಾನದ್ದಲ್ಲ, ಇಬ್ಬರೋ ನಾಲ್ವರೋ ಕೂರುವಂಥ ಸಣ್ಣ ವಿಮಾನದ್ದು. ಒಮ್ಮೆ ಕೆಟ್ಟು, ರಿಪೇರಿಯಾಗಿ, ಈಗ ಮಾರಾಟಕ್ಕೆ ಕೂತಿರುವಂಥದ್ದು. ಅದಕ್ಕೆ ಬೆಲೆ ಕಟ್ಟುವುದೇ ನನ್ನ ಕಸುಬು. ನೈರೋಬಿ, ಶಾರ್ಜಾ, ಮನಿಲಾ, ಅಲಾಸ್ಕದ ಹಿಮ, ಎಲ್ಲ ಕಡೆ ಟಾರ್ಪಾಲು ಬೇರೆ ಬೇರೆ, ಅದನ್ನು ಎತ್ತುವವನ ಮುಖ ಮಾತ್ರ ಒಂದೇ. ಹೆಣ್ಣು ತೋರಿಸುವ ಅಪ್ಪನ ಮುಖ.

ಕೆಲಸವೇನೂ ಮಹಾ ಕಷ್ಟದ್ದಲ್ಲ. ಏನಾಗಿ ಕೆಟ್ಟಿತು, ಯಾರು ಬಿಚ್ಚಿ ಕಟ್ಟಿದರು, ಆಮೇಲೆ ಹೇಗೆ ಇಟ್ಟುಕೊಂಡಿದ್ದರು ಎಂದು ಕೇಳಬೇಕು. ಎಲ್ಲದಕ್ಕೂ ಸುಳ್ಳೇ ಬರುತ್ತದೆ. ಸುಳ್ಳನ್ನೆಲ್ಲ ಕಳೆದು ಉಳಿದದ್ದು ಬೆಲೆ. ಅದನ್ನು ಬಾಯಿಬಿಟ್ಟು ಹೇಳಿದ ಮೇಲೆ ಊಟಕ್ಕೆ ಕರೆದಿದ್ದವರಿಗೂ ಕರೆದದ್ದು ಮರೆತುಹೋಗುತ್ತದೆ. ಪರದೇಶದಲ್ಲಾದರೆ ಮಾರನೆಯ ದಿನ ಅಲ್ಲಿಂದ ಹೊರಟುಬಿಡಬಹುದು. ಮೊಣಕಾಲಿನ ಆಪರೇಷನ್ ಆಗಿ, ಚಿಕ್ಕಬಳ್ಳಾಪುರದಲ್ಲಿ ಅಕ್ಕನ ಮನೆಯ ಮಹಡಿ ರೂಮಿಗೆ ಬಂದು ಬಿದ್ದ ಮೇಲೆ ನನಗೆ ಹೊರಡಲು ಬೇರೆ ಊರಿರಲಿಲ್ಲ. ಈ ಸಲ ಟಾರ್ಪಾಲು ಎತ್ತಿದವರು ಭಾವ.

ಮೊಣಕಾಲು ಮಡಚಲಾರದವಳಿಗೆ ಮಹಡಿ ರೂಮು ಯಾಕೆ ಕೊಟ್ಟರು ಎನ್ನುತ್ತೀರಾ? ಕೆಳಗಿನ ರೂಮಿನಲ್ಲಿ ಇಂಜಿನ್ನಿನ ಸಾಮಾನಿತ್ತು.

ಬೀರು ತರಲು ಹೋದವರು

ಭಾವ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಸರ್ವೀಸು ಪೂರ್ತಿ ಜನ ತಮ್ಮ ಸೈಟಿಗೆ ಪತ್ರದಲ್ಲಿ ಕಮ್ಮಿ ಬೆಲೆ ಬರೆಸುವುದನ್ನು ನೋಡಿ ನೋಡಿ, ಸಾಯುವುದರೊಳಗೆ ಒಂದು ವಸ್ತುವಿಗಾದರೂ ಜಾಸ್ತಿ ಬೆಲೆ ಬರೆಸಬೇಕು ಎಂಬ ಆಸೆ ಅವರಲ್ಲಿ ಉಳಿದುಹೋಗಿತ್ತು.

ಎಲ್ಲೋ ವಿಮಾನ ಕಲಿಸುವ ಶಾಲೆಯೊಂದು ಮುಚ್ಚಿಹೋಗಿ ಸಾಮಾನೆಲ್ಲ ಹರಾಜಿಗೆ ಬಂದಿದೆ ಎಂದು ಯಾರೋ ಹೇಳಿದರಂತೆ. ಅಕ್ಕನ ಸೀರೆಗಳಿಗೊಂದು ಕಬ್ಬಿಣದ ಬೀರು ತರುತ್ತೇನೆಂದು ಹೋದರು. ಲಗೇಜ್ ಆಟೋದಲ್ಲಿ ಮನೆಗೆ ಬಂದದ್ದು ನಾಲ್ಕು ಸಿಲಿಂಡರಿನ ಇಂಜಿನ್. ಕಲಿಯುತ್ತಿದ್ದವನೊಬ್ಬ ಮೂಗು ಕೆಳಗೆ ಮಾಡಿ ವಿಮಾನ ಇಳಿಸಿದ್ದನಂತೆ, ಪ್ರೊಪೆಲರ್ ತಿರುಗುತ್ತಿದ್ದ ಹಾಗೇ ನೆಲಕ್ಕೆ ಬಡಿದಿತ್ತಂತೆ. ಅಕ್ಕನ ಸೀರೆಗಳು ಟ್ರಂಕಿನಲ್ಲೇ ಉಳಿದವು.

ಭಾವ ಅದನ್ನು ಗೌರಿಬಿದನೂರಿನಲ್ಲಿ ರಿಪೇರಿ ಮಾಡಿಸಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ಬಡಗಿಯ ಕೈಲಿ ಮರದ ಪ್ರೊಪೆಲರ್ ಮಾಡಿಸಿ, ಮನೆಯ ಪಕ್ಕದ ಶೆಡ್ಡಿನಲ್ಲಿ ಇಟ್ಟಿದ್ದರು. ಬೆಳಗ್ಗೆ ಸ್ನಾನ, ಪೂಜೆ, ಆಮೇಲೆ ಇಂಜಿನ್ನಿಗೆ ವಿಭೂತಿ, ಊದುಬತ್ತಿ. ಆಮೇಲೆ ಸ್ಟಾರ್ಟ್. ಐದು ನಿಮಿಷ ಬೀದಿಯಲ್ಲಿ ಬಿರುಗಾಳಿ. ಎದುರುಮನೆಯಾಕೆ ಇಟ್ಟ ರಂಗೋಲಿ ದಿನಾ ಪಕ್ಕದ ಮನೆಯವರ ಬಾಗಿಲಿಗೆ ಹೋಗುತ್ತಿತ್ತು. ಕೊನೆಗೆ ಆಕೆ ಸೋತು ರಂಗೋಲಿಯನ್ನು ಪೇಂಟಿನಲ್ಲೇ ಬರೆಸಿಕೊಂಡರು.

ದಿನಾ ಯಾಕೆ ಸ್ಟಾರ್ಟ್ ಮಾಡುತ್ತೀರಿ ಎಂದು ಕೇಳಿದೆ. "ನಿಂತ ಇಂಜಿನ್ ಹಾಳಾಗುತ್ತೆ ಕಣಮ್ಮ" ಎಂದರು. ಟ್ರ್ಯಾಕ್ಟರ್ ಆಗಲಿ, ಪಂಪ್‌ಸೆಟ್ ಆಗಲಿ, ದಿನಕ್ಕೆ ಐದು ನಿಮಿಷ ಓಡಿಸಿ ಬಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದಂತೆ. ಎರಡು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲವಂತೆ. ನನಗೆ ಅಲ್ಲೇ ಅನುಮಾನ ಬಂತು. ಆದರೂ ಬಿಚ್ಚಿ ನೋಡದೆ ಏನೂ ಹೇಳಬಾರದು ಎಂದು ಸುಮ್ಮನಾದೆ. ಊದುಬತ್ತಿಯನ್ನಾದರೂ ಆಚೆ ಇಡಿ ಭಾವ, ಪೆಟ್ರೋಲ್ ಇದೆ ಎಂದೆ.

"ಪೆಟ್ರೋಲ್ ಇರೋದು ದೇವ್ರಿಗೆ ಗೊತ್ತಿಲ್ವೇನಮ್ಮ?"

ಗೌರಿಬಿದನೂರಿನ ಗ್ಯಾರಂಟಿ

ರಿಪೇರಿ ಮಾಡಿದವನನ್ನು ನೋಡದೆ ಬೆಲೆ ಕಟ್ಟುವುದಿಲ್ಲ ಎಂದು ಹಟ ಹಿಡಿದೆ. ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸಿನಲ್ಲಿ, ನನ್ನ ಮಡಚದ ಕಾಲನ್ನು ಹೋಗಿಬರುವವರೆಲ್ಲರಿಂದ ಎಡವಿಸಿಕೊಂಡು, ಗೌರಿಬಿದನೂರು ತಲುಪಿದೆವು. ಮೆಕ್ಯಾನಿಕ್ಕು ಟ್ರ್ಯಾಕ್ಟರುಗಳಿಗೆ ಹೆಸರುವಾಸಿ. ಇಂಜಿನ್ ಅಂದರೆ ಇಂಜಿನ್ನೇ ಮೇಡಂ, ಒಂದು ನೆಲದ ಮೇಲೆ ಹೋಗುತ್ತೆ, ಒಂದು ಸ್ವಲ್ಪ ಮೇಲೆ ಹೋಗುತ್ತೆ ಎನ್ನುವುದು ಅವನ ಸಿದ್ಧಾಂತ.

ಪ್ರೊಪೆಲರ್ ನೆಲಕ್ಕೆ ಬಡಿದ ಪೆಟ್ಟು ಒಳಗೆ ಅದನ್ನು ತಿರುಗಿಸುವ ಕ್ರ್ಯಾಂಕ್ ಶಾಫ್ಟಿಗೆ ಹೋಗುತ್ತದೆ. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಸಾಕು, ಮೇಲೆ ಹಾರುತ್ತಿರುವಾಗ ತುಂಡಾಗುತ್ತದೆ. ಅದಕ್ಕೇ ಮೊದಲು ಅದನ್ನೇ ಕೇಳಿದೆ. ಬಿರುಕು ನೋಡಿದೆಯೇನಪ್ಪ?

"ನೋಡ್ದೆ ಮೇಡಂ."

"ಹೇಗೆ ನೋಡ್ದೆ?"

"ಕಣ್ಣಲ್ಲಿ."

"ಅದು ಕಣ್ಣಿಗೆ ಕಾಣಲ್ವಲ್ಲಪ್ಪ."

"ಅದೇ ಮೇಡಂ, ಕಾಣ್ಲಿಲ್ಲ."

ಭಾವ ಗೆದ್ದವರ ಹಾಗೆ ನನ್ನ ಕಡೆ ನೋಡಿದರು. ಇಂಥ ಉತ್ತರವನ್ನು ನಾನು ಶಾರ್ಜಾದಲ್ಲಿ ಕೋಟು ಹಾಕಿಕೊಂಡವರ ಬಾಯಲ್ಲೂ ಕೇಳಿದ್ದೇನೆ. ಅವರು ಅದಕ್ಕೆ ಮುಂಚೆ ಕಾಫಿ ಕೊಡುತ್ತಿದ್ದರು, ಅಷ್ಟೇ ವ್ಯತ್ಯಾಸ. ಹೊರಡುವಾಗ ಮೆಕ್ಯಾನಿಕ್ಕು ಬಸ್ ಸ್ಟ್ಯಾಂಡಿನ ತನಕ ಬಂದು ಧೈರ್ಯ ಹೇಳಿದ. ತನ್ನ ಕೆಲಸಕ್ಕೆ ಹಾರಲು ಶುರುಮಾಡಿದ ದಿನದಿಂದ ಆರು ತಿಂಗಳ ಗ್ಯಾರಂಟಿ ಇದೆ, ಹಾರುವಾಗ ಏನೇ ತೊಂದರೆಯಾದರೂ ಒಂದು ಫೋನ್ ಮಾಡಿ, ತಾನೇ ಬೈಕಿನಲ್ಲಿ ಅಲ್ಲಿಗೆ ಬಂದು ಸರಿಮಾಡಿಕೊಡುತ್ತೇನೆ ಎಂದ.

"ಅಲ್ಲಿಗೆ ಅಂದ್ರೆ ಎಲ್ಲಿಗಪ್ಪ?" ಎಂದು ಆಕಾಶ ನೋಡಿದೆ.

ಅವನೂ ಒಂದು ಸಲ ಮೇಲೆ ನೋಡಿ ಯೋಚಿಸಿದ. "ಕೆಳಗೆ ಬಂದ್ಮೇಲೆ ಮೇಡಂ."

ಚಿಂತಾಮಣಿಯ ಆಕಾಶ

ಇಂಜಿನ್ ಕೊಳ್ಳುವುದಾಗಿ ಒಪ್ಪಿಕೊಂಡಿದ್ದವನು ಚಿಂತಾಮಣಿಯ ಟೊಮೇಟೊ ಮಂಡಿ ಯಜಮಾನ. ವಿಡಿಯೋ ನೋಡಿಕೊಂಡು, ಕ್ರೇಟುಗಳನ್ನು ಪೇರಿಸುವ ಶೆಡ್ಡಿನಲ್ಲಿ ತಾನೇ ಒಂದು ವಿಮಾನ ಕಟ್ಟುತ್ತಿದ್ದ. ಚೆನ್ನಾಗಿಯೇ ಕಟ್ಟಿದ್ದ, ಅದೇ ನನಗೆ ಭಯವಾದದ್ದು. ಚೆನ್ನಾಗಿ ಕಟ್ಟಿರದಿದ್ದರೆ ಅದು ನೆಲ ಬಿಡುತ್ತಿರಲಿಲ್ಲ. ಹಳೇ ವ್ಯಾನಿನ ಎರಡು ಸೀಟು ಅಕ್ಕಪಕ್ಕ. ಒಂದರಲ್ಲಿ ನಾಲ್ಕನೇ ಕ್ಲಾಸಿನ ಅವನ ಮಗಳು ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು.

"ಏಮಕ್ಕಾ, ಹೆಂಗೈತೆ?" ಎಂದ. ಗಡಿ ಹತ್ತಿರದವನು, ಎರಡು ಮಾತಿಗೆ ಒಂದು ತೆಲುಗು. ಮಗಳ ಹುಟ್ಟಿದಹಬ್ಬಕ್ಕೆ ಮೊದಲ ರೌಂಡು, ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು. ರೇಟಿನ ಬಗ್ಗೆ ತನಗೂ ಭಾವನಿಗೂ ಮಾತಾಗಿದೆ, ತಕರಾರಿಲ್ಲ. ಒಂದೇ ಒಂದು ಷರತ್ತು, ಇಂಜಿನ್ ಹಾರುವುದಕ್ಕೆ ಯೋಗ್ಯ ಎಂದು ಫಾರಿನ್ ಅಕ್ಕ ಸೈನ್ ಹಾಕಿಕೊಡಬೇಕು. ಅಂದರೆ ನಾನು. ನಾನು ಸೈನ್ ಹಾಕಿದರೆ ಆ ಹುಡುಗಿ ಮೇಲೆ ಹೋಗುತ್ತಾಳೆ. ಹಾಕದಿದ್ದರೆ ಭಾವನ ಎರಡು ವರ್ಷದ ಪೂಜೆ ಮಣ್ಣುಪಾಲು, ಮಹಡಿ ರೂಮಿನ ಗತಿಯೂ ಅಷ್ಟೇ.

ಸರ್ಕಾರದ ಪರ್ಮಿಷನ್ ಇದೆಯೇ ಎಂದು ಕೇಳಿದೆ. ತನ್ನ ಜಮೀನಿನ ಮೇಲೆ ತಾನು ಹಾರುವುದಕ್ಕೆ ಯಾರನ್ನು ಕೇಳಬೇಕು ಎಂದ. ಹಾರುವುದೇನೋ ನಿನ್ನ ಜಮೀನಿನ ಮೇಲೆ, ಹೆಚ್ಚುಕಮ್ಮಿಯಾಗಿ ಬಿದ್ದರೆ ಯಾರ ಜಮೀನಿಗೆ ಬೀಳುತ್ತೀಯಪ್ಪ ಎಂದೆ.

"ಸುತ್ತ ಎಲ್ಲಾ ನಮ್ಮ ದಾಯಾದಿಗಳದ್ದೇ ಅಕ್ಕ. ಅದೇನೂ ಪರವಾಗಿಲ್ಲ."

ಟವೆಲ್ಲಿನ ಕೆಳಗೆ

ಬಿಚ್ಚಿ ನೋಡದೆ ಸೈನ್ ಹಾಕುವುದಿಲ್ಲ ಎಂದೆ. ಓಡುತ್ತಿರುವ ಇಂಜಿನ್ನನ್ನು ಬಿಚ್ಚುವುದು ಭಾವನಿಗೆ ನಿದ್ದೆ ಮಾಡುತ್ತಿರುವ ಮಗುವಿನ ಹೊಟ್ಟೆ ಕೊಯ್ದ ಹಾಗೆ ಕೇಳಿಸಿತು. ನನಗಿಂತ ಅನುಭವಸ್ಥರು ಬೇಕೆಂದು ಶಿಡ್ಲಘಟ್ಟದಿಂದ ತಮ್ಮ ದೊಡ್ಡಪ್ಪನ ಮಗನನ್ನು ಕರೆಸಿದರು. ವಯಸ್ಸಿನಲ್ಲಿ ದನದ ದಲ್ಲಾಳಿಯಾಗಿದ್ದು, ಆಮೇಲೆ ರೇಷ್ಮೆಗೂಡಿನ ವ್ಯಾಪಾರಕ್ಕೆ ಇಳಿದವರು. ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ ಒಳಗಿನ ಹುಳುವಿನ ಯೋಗಕ್ಷೇಮ ಹೇಳುತ್ತಿದ್ದರಂತೆ. ಹರಾಜೆಲ್ಲ ಈಗ ಕಂಪ್ಯೂಟರಿಗೆ ಹೋಗಿರುವುದರಿಂದ ಅವರ ಕಿವಿಗೂ ಕೈಗೂ ಕೆಲಸವಿಲ್ಲ.

ಇಂಜಿನ್ನಿಗೆ ಪ್ರದಕ್ಷಿಣೆ ಬಂದರು, ತಟ್ಟಿದರು, ಮೂಸಿದರು. ಅಲ್ಲಾಡಿಸಲು ನೋಡಿದರು, ಅಲ್ಲಾಡಲಿಲ್ಲ, ಅದನ್ನೂ ಒಳ್ಳೆಯ ಗುಣವೆಂದೇ ಎಣಿಸಿದರು. ಆಮೇಲೆ ಹೆಗಲ ಟವೆಲನ್ನು ಕೈಮೇಲೆ ಹಾಕಿಕೊಂಡು, ಬಾಮ್ಮ ಎಂದು ನನ್ನ ಕೈಯನ್ನು ಅದರ ಕೆಳಗೆ ಎಳೆದುಕೊಂಡರು. ದನದ ವ್ಯಾಪಾರದ ಹಳೇ ಪದ್ಧತಿ ಅದು. ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ನಿಂತು ನೋಡುವವರಿಗೆ ಗೊತ್ತಾಗಬಾರದೆಂದು ಟವೆಲ್ಲಿನ ಕೆಳಗೆ ಬೆರಳು ಅದುಮಿ ಹೇಳುತ್ತಾರೆ. ಒಂದು ಬೆರಳು ಅದುಮಿದರು. ನನಗೆ ಆ ಭಾಷೆ ಬರುವುದಿಲ್ಲ, ಸುಮ್ಮನೆ ನಿಂತೆ. ಸುಮ್ಮನಿದ್ದದ್ದಕ್ಕೆ ಇನ್ನೊಂದು ಬೆರಳು ಸೇರಿಸಿದರು. ಭಾವ ಉಸಿರು ಬಿಗಿಹಿಡಿದು ಟವೆಲನ್ನೇ ನೋಡುತ್ತಿದ್ದರು. ಮಾತುಕತೆ ಜೋರಾಗಿ ನಡೆಯುತ್ತಿದೆ ಎಂದು ಅವರ ಭಾವನೆ. ಇನ್ನೊಂದು ಬೆರಳಿಗೆ ದಲ್ಲಾಳಿ ಕೈಹಾಕುವಷ್ಟರಲ್ಲಿ ನಾನು ಕೈ ಎಳೆದುಕೊಂಡೆ.

ದೊಡ್ಡಪ್ಪನ ಮಗ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಮುಗೀತು ಎಂದರು. ಅವರ ಲೆಕ್ಕದಲ್ಲಿ ಕೈ ಎಳೆದುಕೊಂಡರೆ ಒಪ್ಪಿದ ಹಾಗೆ. ಅಕ್ಕನ ಮನೆಯ ಶೆಡ್ಡಿನಲ್ಲಿ ನಿಂತು, ಭಾವನ ಇಂಜಿನ್ನನ್ನು ನಾನೇ ಕೊಂಡುಕೊಂಡಿದ್ದೆ.

ಸ್ಕ್ಯಾನಿಂಗು

ಆ ವ್ಯಾಪಾರದಿಂದ ಬಿಡಿಸಿಕೊಂಡು, ಕೊನೆಗೂ ಒಂದು ಸಿಲಿಂಡರ್ ಬಿಚ್ಚಿಸಿದೆ. ಡಾಕ್ಟರುಗಳು ಗಂಟಲಿಗೆ ಇಳಿಸುವಂಥ ಒಂದು ಸಣ್ಣ ಕ್ಯಾಮೆರಾ ನನ್ನ ಹತ್ತಿರ ಇದೆ, ಅದನ್ನು ಒಳಗೆ ಬಿಟ್ಟು ಮೊಬೈಲಿನಲ್ಲಿ ನೋಡತೊಡಗಿದೆ. ಬೀದಿಯ ಹೆಂಗಸರು ಕೆಲಸ ಬಿಟ್ಟು ಬಂದು ನನ್ನ ಹಿಂದೆ ನಿಂತರು. ಎದುರುಮನೆಯಾಕೆ, ಎಲ್ಲಾ ಚೆನ್ನಾಗಿ ಬೆಳೆದಿದೆಯಾ ಎಂದು ಕೇಳಿದರು.

ಚೆನ್ನಾಗಿಯೇ ಬೆಳೆದಿತ್ತು, ತುಕ್ಕು. ಒಳಗೆ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟಿನ ಮೈಯೆಲ್ಲ ಸಿಡುಬಿನ ಕಲೆಯ ಹಾಗೆ ಗುಳಿ ಬಿದ್ದಿತ್ತು. ಕ್ರ್ಯಾಂಕ್ ಶಾಫ್ಟಿನ ಬಿರುಕು ಹುಡುಕುವ ಅಗತ್ಯವೇ ಬೀಳಲಿಲ್ಲ.

ಭಾವನನ್ನು ಕೂರಿಸಿಕೊಂಡು ಹೇಳಿದೆ. ಇಂಜಿನ್ ಓಡಿದಾಗ ಒಳಗೆ ನೀರಿನ ಆವಿ ಸೇರುತ್ತದೆ. ಚೆನ್ನಾಗಿ ಕಾಯುವಷ್ಟು ಹೊತ್ತು ಓಡಿದರೆ ಹೊರಗೆ ಹೋಗುತ್ತದೆ. ಐದು ನಿಮಿಷಕ್ಕೇ ನಿಲ್ಲಿಸಿದರೆ ಒಳಗೇ ಉಳಿದು ಕಬ್ಬಿಣವನ್ನು ತಿನ್ನುತ್ತದೆ. ಮಾರನೆಯ ದಿನ ಮತ್ತೆ ಐದು ನಿಮಿಷ, ಮತ್ತಷ್ಟು ನೀರು. ಎಣ್ಣೆ ಹಾಕಿ, ತೂತೆಲ್ಲ ಮುಚ್ಚಿ, ಮೂಲೆಯಲ್ಲಿ ಮರೆತುಬಿಟ್ಟಿದ್ದರೆ ಈ ಗತಿ ಬರುತ್ತಿರಲಿಲ್ಲ. ಭಾವ ಅದನ್ನು ದಿನಾ ವಿಭೂತಿ ಹಚ್ಚಿ, ಕೈಮುಗಿದು, ಸ್ವಲ್ಪಸ್ವಲ್ಪವಾಗಿ ಕೊಂದಿದ್ದರು. ಹಾರುವ ಇಂಜಿನ್ನಾಗಿ ಇದಕ್ಕೆ ಬೆಲೆಯೇ ಇಲ್ಲ ಎಂದೆ. ಗುಜರಿಯಲ್ಲಿ ಅಲ್ಯೂಮಿನಿಯಂ ತೂಕಕ್ಕೆ ಏನು ಬರುತ್ತದೋ ಅಷ್ಟು.

ಭಾವ ನನ್ನ ಮೊಬೈಲನ್ನು ಕೈಗೆ ತೆಗೆದುಕೊಂಡು ಆ ಗುಳಿಗಳನ್ನೇ ನೋಡಿದರು. ಆಮೇಲೆ, "ಅಂದ್ರೆ ನಾನು ಏನೂ ಮಾಡದೆ ಸುಮ್ನೆ ಕೂತಿದ್ದಿದ್ರೆ ಇದಕ್ಕೆ ಬೆಲೆ ಇರ್ತಿತ್ತಾ?" ಎಂದರು.

ಹೂಂ ಭಾವ ಎಂದೆ.

"ಅದು ಬರ್ತಿತ್ತಲ್ಲಮ್ಮ ನನಗೆ. ಸರ್ವೀಸೆಲ್ಲ ಅದನ್ನೇ ಮಾಡಿದ್ದು."

ಗ್ಯಾರಂಟಿ ಹೋದದ್ದು

ಮನೆಯಲ್ಲಿ ಮಾತು ನಿಂತಿತು. ಬಿಚ್ಚಿಸಿದ್ದ ಸಿಲಿಂಡರನ್ನು ಭಾವ ಮತ್ತೆ ಹಾಕಿಸಿದರು, ಬೆಳಗಿನ ಐದು ನಿಮಿಷ ಮಾತ್ರ ನಿಲ್ಲಲಿಲ್ಲ. ಅಕ್ಕ ಅನ್ನದ ಪಾತ್ರೆಯನ್ನು ನನ್ನ ಮುಂದೆ ಕುಕ್ಕುವ ಸದ್ದೇ ದಿನದ ಮಾತುಕತೆ. ಒಂದು ಸೈನ್ ಹಾಕುವುದಕ್ಕೆ ಇಷ್ಟು ಬಿಗುಮಾನವೇ ಎಂದು ಗೋಡೆಗೆ ಹೇಳುತ್ತಿದ್ದಳು. ಒಂದು ಸಲ ಮಾತ್ರ ನೇರವಾಗಿ ನನಗೇ ಹೇಳಿದಳು, "ಎಲ್ಲಾದಕ್ಕೂ ಬೆಲೆ ಕಟ್ತೀಯ ಕಣೇ. ನಿನಗೆ ಯಾರಾದ್ರೂ ಕಟ್ಟಿದ್ರೆ ಗೊತ್ತಾಗ್ತಿತ್ತು."

ಕಟ್ಟಿದ್ದರು. ವಯಸ್ಸಿನಲ್ಲಿ ನನ್ನನ್ನು ನೋಡಲು ಸಾದಲಿಯಿಂದ ಬಂದಿದ್ದವರು, ಇದೇ ಅಕ್ಕ ಮಾಡಿದ ಉಪ್ಪಿಟ್ಟನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದು, ಊರು ತಲುಪಿದ ಮೇಲೆ ಹೇಳಿಕಳಿಸಿದ್ದರು, ಹುಡುಗಿಗೆ ಮಾತು ಜಾಸ್ತಿ ಎಂದು. ನಾನು ಕಡೇಪಕ್ಷ ಇಂಜಿನ್ನಿನ ಎದುರಿಗೇ ಹೇಳುತ್ತೇನೆ, ಉಪ್ಪಿಟ್ಟು ತಿನ್ನದೆ.

ಮಂಡಿ ಯಜಮಾನನೂ ಬಂದು ಕೂತ. ಜಾಸ್ತಿ ಎತ್ತರ ಹೋಗಲ್ಲ ಅಕ್ಕ, ತೆಂಗಿನಮರದಷ್ಟು, ಅಷ್ಟಕ್ಕೆ ಮಾತ್ರ ಸೈನ್ ಹಾಕಿಕೊಡಿ ಎಂದ. ತೆಂಗಿನಮರದಿಂದ ಬಿದ್ದವರೂ ಸಾಯುತ್ತಾರಪ್ಪ ಎಂದೆ. ಎರಡು ದಿನ ಬಿಟ್ಟು ಅವನ ಫೋನ್ ಬಂತು, ಸೈನ್ ಹಾಕಿಕೊಡುವ ಬೇರೆ ಯಾರೋ ಸಿಕ್ಕಿದ್ದಾರೆ, ಸೋಮವಾರ ಟೆಂಪೋ ಕಳಿಸುತ್ತೇನೆ ಎಂದು. ಅಕ್ಕ ಅವತ್ತು ಪಾಯಸ ಮಾಡಿದಳು. ನನ್ನ ತಟ್ಟೆಗೆ ಬರಲಿಲ್ಲ.

ಭಾನುವಾರ ಅಕ್ಕ ಭಾವ ಇಬ್ಬರೂ ಮದುವೆಗೆ ಹೋಗಿದ್ದರು. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಹಾರಬಾರದ ಇಂಜಿನ್ನನ್ನು ಮತ್ತೆ ಯಾರೂ ಬಣ್ಣ ಹೊಡೆದು ಮಾರದ ಹಾಗೆ, ಅದರ ಹೊಟ್ಟೆಗೆ ದೊಡ್ಡ ತೂತು ಕೊರೆದುಬಿಡುವುದು. ಅದು ನನ್ನ ವಸ್ತುವಲ್ಲ, ನನಗೆ ಆ ಹಕ್ಕಿಲ್ಲ, ಗೊತ್ತಿತ್ತು. ಆದರೆ ಕಣ್ಣುಮುಚ್ಚಿದರೆ ವ್ಯಾನಿನ ಸೀಟಿನಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಆ ಹುಡುಗಿ. ಗೌರಿಬಿದನೂರಿನ ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ಡ್ರಿಲ್ಲಿಂಗ್ ಮಿಷನ್ ತಗೊಂಡು ಬಾ ಎಂದೆ. ಬಂದ. ಎಲ್ಲಿ ಕೊರೆಯಬೇಕೆಂದು ತೋರಿಸಿದ ಮೇಲೆ ಬೆಚ್ಚಿ, ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಸುತ್ತ ಒಂದೊಂದೇ ತೂತು ಹೊಡೆದು, ಕೊನೆಗೆ ಮುಷ್ಟಿ ಹಿಡಿಸುವಷ್ಟು ಬಾಯಿ ತೆಗೆದ. ಪುಡಿ ಊದಿ, ಮಿಷನ್ ಕೆಳಗಿಟ್ಟು, ಬೇಸರದಿಂದ ನನ್ನ ಕಡೆ ನೋಡಿದ.

"ಇದಾದ್ಮೇಲೆ ನನ್ನ ಗ್ಯಾರಂಟಿ ನಡಿಯಲ್ಲ ಮೇಡಂ."

ಕಳವಾರದ ಬೋರ್ಡು

ಮದುವೆಯಿಂದ ಬಂದ ಭಾವ ತೂತಿನೊಳಗೆ ಕೈಯಿಟ್ಟು ನೋಡಿ, ಕೈ ತೆಗೆದು, ಒಳಗೆ ಹೋಗಿ ಮಲಗಿಬಿಟ್ಟರು. ಅಕ್ಕ ಮಹಡಿ ಹತ್ತಿ ಬಂದು, ತಿಂಗಳ ಕೊನೆಯೊಳಗೆ ಬೇರೆ ರೂಮು ನೋಡಿಕೋ ಎಂದಳು. ಸೋಮವಾರ ಬೆಳಗ್ಗೆ ಇಂಜಿನ್ನಿನ ಸದ್ದಿಲ್ಲದೆ ಬೀದಿಯವರೆಲ್ಲ ತಡವಾಗಿ ಎದ್ದರು. ಆಮೇಲೆ ಟೆಂಪೋ ಬಂದು ಖಾಲಿ ಹೋಯಿತು.

ನಾನು ಪೆಟ್ಟಿಗೆ ಕಟ್ಟುತ್ತಿದ್ದಾಗ ಇಂಜಿನ್ನಿನ ಸುದ್ದಿ ಕೇಳಿ ಕಳವಾರದಿಂದ ಒಬ್ಬರು ಬಂದರು. ಸ್ಕಂದಗಿರಿ ಹತ್ತಲು ಬರುವವರಿಗಾಗಿ ಬೆಟ್ಟದ ಬುಡದಲ್ಲಿ ಹೋಮ್‌ಸ್ಟೇ ನಡೆಸುವವರು. ಬಂದವರು ಫೋಟೋ ತೆಗೆಸಿಕೊಳ್ಳಲು ಎತ್ತಿನಗಾಡಿ ಇಟ್ಟಿದ್ದರಂತೆ, ಎಲ್ಲರ ಹತ್ತಿರವೂ ಎತ್ತಿನಗಾಡಿ ಇದೆಯಂತೆ, ಯಾರ ಹತ್ತಿರವೂ ಇಲ್ಲದ್ದು ಬೇಕಂತೆ. ತೂತು ನೋಡಿ ಬೇಡವೆನ್ನುತ್ತಾರೆ ಎಂದುಕೊಂಡೆವು. ಅವರು ಅದಕ್ಕೇ ಮರುಳಾದರು. ಒಳಗೆ ಮನಿಪ್ಲಾಂಟ್ ಹಾಕಬಹುದು ಎಂದರು. ಚಿಂತಾಮಣಿಯವನು ಹೇಳಿದ್ದಕ್ಕಿಂತ ಜಾಸ್ತಿಯೇ ಕೊಟ್ಟರು. ನೈರೋಬಿಯಿಂದ ಅಲಾಸ್ಕದ ತನಕ ನಾನು ಕಲಿತ ವಿದ್ಯೆಯ ಪ್ರಕಾರ ಗುಜರಿಯಾದ ವಸ್ತು, ಹೂಕುಂಡವಾಗಿ ಒಳ್ಳೆಯ ಬೆಲೆಗೆ ಹೋಯಿತು.

ಅಕ್ಕನಿಗೆ ಬೀರು ಬಂತು. ಕೆಳಗಿನ ರೂಮಿನಲ್ಲಿ ಇಂಜಿನ್ನಿನ ಮಿಕ್ಕ ಸಾಮಾನು ಹಾಗೇ ಇದ್ದದ್ದರಿಂದ ನನ್ನ ರೂಮಿಗೇ ಏರಿಸಿದರು. ಸೀರೆ ತೆಗೆಯಲು ದಿನಾ ಬರುತ್ತಾಳೆ. ರೂಮು ಖಾಲಿ ಮಾಡುವ ಮಾತು ಮತ್ತೆ ಬರಲಿಲ್ಲ, ಪಾತ್ರೆ ಕುಕ್ಕುವುದೂ ನಿಂತಿತು. ನನ್ನದು ತಪ್ಪಲ್ಲ ಎಂದೇನೂ ಯಾರೂ ಹೇಳಲಿಲ್ಲ. ಲಾಭ ಬಂದದ್ದಕ್ಕೆ ಕ್ಷಮಿಸಿದರು, ಅಷ್ಟೇ.

ಹೋದ ವಾರ ಎಲ್ಲರೂ ಕಳವಾರಕ್ಕೆ ಹೋಗಿದ್ದೆವು. ಇಂಜಿನ್ನಿಗೆ ಕೆಂಪು ಬಣ್ಣ, ಹೊಟ್ಟೆಯಿಂದ ಮನಿಪ್ಲಾಂಟ್ ಇಳಿಬಿದ್ದಿದೆ. ಪಕ್ಕದಲ್ಲಿ ಆಳೆತ್ತರದ ಬೋರ್ಡು. ಹಿಮಾಲಯದ ಮೇಲೆ ಹಾರಿದ ಇಂಜಿನ್ ಎಂದು ಬರೆದಿದೆ. ಅದರ ಕೆಳಗೆ, ಪರೀಕ್ಷಿಸಿ ಒಪ್ಪಿದವರು ಎಂದು ನನ್ನ ಹೆಸರು, ಮುಂದೆ ಫಾರಿನ್ ರಿಟರ್ನ್ಡ್, ಅದರ ಕೆಳಗೆ ಹಳದಿ ಬಣ್ಣದಲ್ಲಿ ನನ್ನ ಸೈನ್, ಬಾಲದ ಸಮೇತ. ಭಾವನೇ ಪೇಂಟರಿಗೆ ಮಾದರಿ ಕೊಟ್ಟು ಬರೆಸಿದ್ದರು.

"ಪೆನ್ನಲ್ಲಿ ಹಾಕಮ್ಮ ಅಂದ್ರೆ ಹಾಕ್ಲಿಲ್ಲ" ಎಂದರು. "ಪೇಂಟಲ್ಲಿ ಎಷ್ಟು ಚೆನ್ನಾಗಿ ಬಂದಿದೆ ನೋಡು."

ಚಿಂತಾಮಣಿಯವನೂ ಮಗಳ ಹುಟ್ಟಿದಹಬ್ಬವೆಂದು ಅಲ್ಲಿಗೇ ಬಂದಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿದ. ಅವನ ಕನಸಿಗೆ ಕಲ್ಲು ಹಾಕಿದವಳು ನಾನೇ ಎಂದು ಚಿಂತಾಮಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾನಂತೆ. ಅಪ್ಪ ಅತ್ತ ಹೋದಾಗ ಹುಡುಗಿ ನನ್ನ ಹತ್ತಿರ ಬಂದಳು. "ಥ್ಯಾಂಕ್ಸ್ ಆಂಟಿ. ನಂಗೆ ಬಸ್ಸಲ್ಲೇ ವಾಂತಿ ಬರುತ್ತೆ. ಅಪ್ಪ ಕೇಳ್ಲೇ ಇಲ್ಲ" ಎಂದು ಪಿಸುಗುಟ್ಟಿ ಓಡಿಹೋದಳು. ಇಷ್ಟು ವರ್ಷದ ಕಸುಬಿನಲ್ಲಿ ನಾನು ಕಟ್ಟಿದ ಬೆಲೆಗೆ ಥ್ಯಾಂಕ್ಸ್ ಹೇಳಿದವಳು ಅವಳೊಬ್ಬಳೇ.

ನಾನು ಬೋರ್ಡಿನ ಮುಂದೆ ನಿಂತು ಅದನ್ನೇ ಯೋಚಿಸುತ್ತಿದ್ದೆ. ಬೆಟ್ಟ ಇಳಿದು ಬಂದ ಬೆಂಗಳೂರಿನ ಹುಡುಗಿಯರ ಗುಂಪೊಂದು ಇಂಜಿನ್ನಿನ ಸುತ್ತ ನಿಂತು ಮೊಬೈಲ್ ಎತ್ತಿ ಹಿಡಿಯಿತು. ಅವರಲ್ಲೊಬ್ಬಳು ಬಹಳ ಮರ್ಯಾದೆಯಿಂದ ಹೇಳಿದಳು:

"ಆಂಟಿ, ಪ್ಲೀಸ್, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಆ ಮೇಡಂ ಹೆಸರು ಕಾಣ್ತಿಲ್ಲ."

ಬಂದೆ.